ಹಳೆಯ ಲಕ್ಷುರಿ ಕಾರನ್ನು ಅಗ್ಗಕ್ಕೆ ಕೊಂಡು ದಾರಿಗೆ ತರುವುದು: ಯಾವ ಕೆಲಸ ಮೊದಲು, ಯಾವುದು ಕೊನೆಗೆ

ಹಳೆಯ ಲಕ್ಷುರಿ ಕಾರು ಕೊಂಡು ಕೈಸುಟ್ಟುಕೊಂಡವರು ಹೇಳುವ ಕಥೆ ಹೆಚ್ಚುಕಮ್ಮಿ ಒಂದೇ. ಕಾರು ಮನೆಗೆ ಬಂದ ವಾರವೇ ಸೀಟಿನ ಚರ್ಮ ಬದಲಾಗುತ್ತದೆ. ಆಮೇಲೆ ಪೇಂಟ್, ಆಮೇಲೆ ಹೊಸ ಅಲಾಯ್ ಚಕ್ರ. ದುಡ್ಡು ಅಲ್ಲಿಗೆ ಮುಗಿಯುತ್ತದೆ. ಮೂರನೇ ತಿಂಗಳು ರೇಡಿಯೇಟರ್ ಸೀಳಿ ಎಂಜಿನ್ ಕುದಿಯುತ್ತದೆ. ಫಳಫಳ ಹೊಳೆಯುವ ಕಾರು ಕವರ್ ಹೊದ್ದು ಮೂಲೆ ಸೇರುತ್ತದೆ.

ಇವರಲ್ಲಿ ಬಹಳ ಜನ ಕೊಂಡ ಕಾರು ಕೆಟ್ಟದ್ದೇನೂ ಆಗಿರಲಿಲ್ಲ. ಕೆಲಸದ ಕ್ರಮ ತಿರುಗುಮುರುಗಾಗಿತ್ತು, ಅಷ್ಟೇ. ಅದಕ್ಕೇ ಇಲ್ಲಿ ಒಂದಾದ ಮೇಲೆ ಒಂದರಂತೆ ಬರೆದಿದ್ದೇನೆ. ಹಂತ ಹಾರಿಸಬೇಡಿ.

## ಹಂತ 1: ಮೊದಲು ದುಡ್ಡನ್ನು ಭಾಗ ಮಾಡಿ

ಹದಿನೈದು ಇಪ್ಪತ್ತು ವರ್ಷದಲ್ಲಿ ದೊಡ್ಡ ಕಾರಿನ ಬೆಲೆ ಸಣ್ಣ ಕಾರಿನ ಮಟ್ಟಕ್ಕೆ ಇಳಿದುಬಿಡುತ್ತದೆ. ಅದರ ಬಿಡಿಭಾಗದ ಬೆಲೆ ಮಾತ್ರ ಇಳಿಯುವುದಿಲ್ಲ. ಆನೆ ಅಗ್ಗಕ್ಕೆ ಸಿಕ್ಕಿತು ಅಂತ ಅದರ ಮೇವು ಅಗ್ಗವಾಗುತ್ತದೆಯೇ?

ನನ್ನ ಲೆಕ್ಕ ಹೀಗಿದೆ. ಕೈಯಲ್ಲಿ 100 ಭಾಗ ದುಡ್ಡಿದ್ದರೆ ಕಾರಿಗೆ 50. ಮೊದಲ ವರ್ಷದ ರಿಪೇರಿಗೆ 35. ಉಳಿದ 15 ಇಲ್ಲವೇ ಇಲ್ಲ ಎಂದುಕೊಂಡು ಪಕ್ಕಕ್ಕಿಡಿ. ಗೇರ್‌ಬಾಕ್ಸೋ ಕಂಪ್ರೆಸರೋ ಕೈಕೊಟ್ಟ ದಿನ ಅದು ಬೇಕಾಗುತ್ತದೆ. 100 ಭಾಗವನ್ನೂ ಕೊಟ್ಟರೆ ಮಾತ್ರ ಬರುವ ಕಾರು ನಿಮಗಲ್ಲ, ಎಷ್ಟೇ ಚೆನ್ನಾಗಿರಲಿ.

ಇನ್ನೊಂದು ಮಾತು. ದಿನಾ ಕೆಲಸಕ್ಕೆ ಹೋಗಲು ಇದೊಂದೇ ಗಾಡಿ ಎಂದಾದರೆ ಈ ಸಹವಾಸ ಬೇಡ. ಅವಸರದಲ್ಲಿ ಮಾಡಿಸಿದ ರಿಪೇರಿ ಯಾವಾಗಲೂ ಜಾಸ್ತಿ ದುಡ್ಡು ತಿನ್ನುತ್ತದೆ. ಹಳೆಯ ಗಾಡಿಗಳ ನೋಂದಣಿ, ವಿಮೆ, ಹೊಗೆ ಪರೀಕ್ಷೆಗೆ ನಿಮ್ಮಲ್ಲಿ ಏನು ನಿಯಮವಿದೆ ಎಂಬುದನ್ನೂ ಮುಂಗಡ ಕೊಡುವ ಮೊದಲೇ ತಿಳಿದುಕೊಳ್ಳಿ.

## ಹಂತ 2: ಮಾಡೆಲ್ ಆರಿಸಿ, ಅದರ ರೋಗ ತಿಳಿದುಕೊಳ್ಳಿ

ತುಂಬಾ ಮಾರಾಟವಾದ ಮಾಡೆಲನ್ನೇ ಆರಿಸಿ. ಬಿಡಿಭಾಗ ಸಿಗುತ್ತವೆ, ಕೆಲಸ ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾನೆ. ಅದೇ ಮಾಡೆಲಿನಲ್ಲಿ ಸರಳವಾದ ಎಂಜಿನ್ ತೆಗೆದುಕೊಳ್ಳಿ. ಆರು ಸಿಲಿಂಡರ್ ಸಾಕು. ಹನ್ನೆರಡು ಸಿಲಿಂಡರ್ ಕಾರು ಅಗ್ಗಕ್ಕೆ ಸಿಗುತ್ತಿದ್ದರೆ ಅದಕ್ಕೆ ಕಾರಣ ಇದೆ. ಮರ್ಸಿಡಿಸ್‌ನ ಕೆಲವು ವಿ12 ಎಂಜಿನ್‌ಗಳಿಗೆ ಸ್ಪಾರ್ಕ್ ಪ್ಲಗ್‌ಗಳೇ 24 ಬೇಕು.

ಪ್ರತಿ ಮಾಡೆಲಿಗೂ ಹುಟ್ಟಿನಿಂದ ಬಂದ ಒಂದೆರಡು ರೋಗ ಇರುತ್ತವೆ. ಕೆಲವು ಉದಾಹರಣೆ ನೋಡಿ. ಇಲ್ಲಿ ಬರುವ ಡಬ್ಲ್ಯೂ124, ಇ39, ಎಕ್ಸ್350ರಂಥವು ಆಯಾ ಕಂಪನಿ ಆ ಮಾಡೆಲಿಗೆ ಇಟ್ಟ ಸಂಕೇತ.

ಮರ್ಸಿಡಿಸ್ ಡಬ್ಲ್ಯೂ124 ಗಟ್ಟಿ ಕಾರು. ಆದರೆ 1992ರಿಂದ 1995ರ ಸುಮಾರಿನ ಗಾಡಿಗಳಲ್ಲಿ ಎಂಜಿನ್ ವೈರಿಂಗಿನ ಹೊರಪದರ ಬಿಸಿಗೆ ಪುಡಿಪುಡಿಯಾಗಿ ಉದುರುತ್ತದೆ. ಬಿಎಂಡಬ್ಲ್ಯೂ ಇ39ರಲ್ಲಿ ಕೂಲಿಂಗ್ ವ್ಯವಸ್ಥೆಯ ಪ್ಲಾಸ್ಟಿಕ್ ಭಾಗಗಳು ವಯಸ್ಸಾದಂತೆ ಬಿಸ್ಕತ್ತಿನ ಹಾಗೆ ಮುರಿಯುತ್ತವೆ. ಲೆಕ್ಸಸ್ ಎಲ್‌ಎಸ್ 400ರಲ್ಲಿ ಪವರ್ ಸ್ಟೀರಿಂಗ್ ಪಂಪ್ ಸೋರಿದರೆ ಆಯಿಲು ಹೋಗಿ ಕೆಳಗಿರುವ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಭಾಗ) ಮೇಲೇ ಬೀಳುತ್ತದೆ. ಮರ್ಸಿಡಿಸ್ ಡಬ್ಲ್ಯೂ220 ಮತ್ತು ಜಾಗ್ವಾರ್ ಎಕ್ಸ್350 ಎರಡರಲ್ಲೂ ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗ್ ಬದಲು ಕಾರನ್ನು ಹೊರುವ ಗಾಳಿಚೀಲ, ನೋಡಬೇಕು. ಮೊದಮೊದಲ ಡಬ್ಲ್ಯೂ211 ಇ-ಕ್ಲಾಸ್‌ನಲ್ಲಿ ಎಸ್‌ಬಿಸಿ ಎಂಬ ವಿದ್ಯುತ್ ಬ್ರೇಕ್ ಇದೆ. ಅದರ ಪಂಪ್ ಎಷ್ಟು ಸಲ ಬ್ರೇಕ್ ಒತ್ತಿದಿರಿ ಎಂದು ಎಣಿಸುತ್ತಾ ಹೋಗುತ್ತದೆ. ಎಣಿಕೆ ಮುಗಿದಾಗ ಕೆಂಪು ದೀಪ ಹೊತ್ತಿಸುತ್ತದೆ.

ರೋಗ ಇದೆ ಎಂದು ಕಾರು ಬಿಡಬೇಕಿಲ್ಲ. ಆ ರಿಪೇರಿ ಆಗಿದೆಯೇ, ಆಗಿದ್ದರೆ ಬಿಲ್ ಇದೆಯೇ ಎಂದು ಕೇಳಬೇಕು. ಆಗಿಲ್ಲದಿದ್ದರೆ ಅದರ ಖರ್ಚು ಕಳೆದು ಬೆಲೆ ಮಾತಾಡಬೇಕು.

## ಹಂತ 3: ಕಾರು ನೋಡಲು ಹೋದಾಗ

ಇಲ್ಲಿ ಎರಡು ಗಂಟೆ ಹೆಚ್ಚು ಕಳೆದರೆ ಮುಂದೆ ಎರಡು ವರ್ಷದ ತಲೆನೋವು ತಪ್ಪುತ್ತದೆ. ಕೈಯಲ್ಲಿ ಟಾರ್ಚ್, ಸಣ್ಣ ಅಯಸ್ಕಾಂತ, ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್, ವೋಲ್ಟ್ ಅಳೆಯುವ ಮಲ್ಟಿಮೀಟರ್, ಹಳೆಯ ಬಟ್ಟೆ ಇರಲಿ. ಹಗಲು ಹೊತ್ತಿನಲ್ಲೇ ಹೋಗಿ. ಮಳೆಯಲ್ಲಿ ನೋಡಿದರೆ ಪೇಂಟಿನ ಸುಳ್ಳು ಗೊತ್ತಾಗುವುದಿಲ್ಲ.

ಎಂಜಿನ್ ತಣ್ಣಗಿರಬೇಕು. ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳಿ. ತಣ್ಣನೆಯ ಸ್ಟಾರ್ಟಿನಲ್ಲಿ ಟೈಮಿಂಗ್ ಚೈನ್ (ಎಂಜಿನ್ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಸರಪಳಿ) ಕಟಕಟ ಅನ್ನುವುದು, ವಾಲ್ವ್ ಸೀಲ್ ಸೋರಿದರೆ ಬರುವ ನೀಲಿ ಹೊಗೆ, ಎಲ್ಲವೂ ಮೊದಲ ಅರ್ಧ ನಿಮಿಷದಲ್ಲೇ ಕಾಣಿಸುತ್ತದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಹೊಗೆಗೆ ಸಿಹಿ ವಾಸನೆ ಇದ್ದರೆ, ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಸಿಲಿಂಡರ್ ಒಳಗೆ ಹೋಗುತ್ತಿದೆ.

ಎಚ್ಚರಿಕೆ ದೀಪಗಳು. ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಚೆಕ್ ಎಂಜಿನ್, ಎಬಿಎಸ್, ಏರ್‌ಬ್ಯಾಗ್ ದೀಪಗಳೆಲ್ಲ ಹೊತ್ತಬೇಕು, ಸ್ಟಾರ್ಟ್ ಮಾಡಿದ ಮೇಲೆ ಆರಬೇಕು. ಆರದ ದೀಪವನ್ನು ಎಲ್ಲರೂ ಗಮನಿಸುತ್ತಾರೆ. ಹೊತ್ತದೇ ಇರುವ ದೀಪ ಅದಕ್ಕಿಂತ ಅಪಾಯ. ಯಾರೋ ಬಲ್ಬನ್ನೇ ಕಿತ್ತಿರಬಹುದು.

ಸ್ಕ್ಯಾನರ್. ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಒಂದೇ ಬಗೆಯ ಓಬಿಡಿ ಪೋರ್ಟ್, ಅಂದರೆ ಸ್ಕ್ಯಾನರ್ ಚುಚ್ಚುವ ಜಾಗ, ಕಡ್ಡಾಯವಾಯಿತು. ಅಗ್ಗದ ಸ್ಕ್ಯಾನರ್ ಅಲ್ಲಿ ಎಂಜಿನ್ ಕೋಡ್ (ಕಂಪ್ಯೂಟರ್ ಬರೆದಿಟ್ಟ ದೋಷದ ಸಂಖ್ಯೆ) ಮಾತ್ರ ಓದುತ್ತದೆ. ಗೇರ್‌ಬಾಕ್ಸ್, ಏರ್‌ಬ್ಯಾಗ್, ಸಸ್ಪೆನ್ಷನ್ ಓದಬೇಕಾದರೆ ಆ ಕಂಪನಿಯ ಕಾರಿಗೆಂದೇ ಮಾಡಿದ ಸ್ಕ್ಯಾನರ್ ಬೇಕು. ಕೋಡ್ ಒಂದೂ ಇಲ್ಲ ಅಂತ ಖುಷಿಪಡುವ ಮೊದಲು ಸ್ಕ್ಯಾನರಿನ 'ರೆಡಿನೆಸ್' ಪುಟ ನೋಡಿ. ಕಾರು ತನ್ನನ್ನು ತಾನೇ ಪರೀಕ್ಷಿಸಿ ಮುಗಿಸಿದೆಯೇ ಎಂದು ಅದು ಹೇಳುತ್ತದೆ. ಅಲ್ಲಿ ಎಲ್ಲವೂ 'ಸಿದ್ಧವಿಲ್ಲ' ಎಂದಿದ್ದರೆ ನಿನ್ನೆಯೋ ಇವತ್ತು ಬೆಳಗ್ಗೆಯೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ.

ನೀರು. ಲಕ್ಷುರಿ ಕಾರಿನ ದೊಡ್ಡ ಶತ್ರು ಇದು. ಸನ್‌ರೂಫಿನ ನಾಲ್ಕು ಮೂಲೆಯಿಂದ ನೀರು ಇಳಿಯಲು ಸಣ್ಣ ಕೊಳವೆ ಇರುತ್ತವೆ. ಅವುಗಳಲ್ಲಿ ಕಸ ಕಟ್ಟಿದರೆ ನೀರು ಒಳಗೆ ಬರುತ್ತದೆ. ಎಷ್ಟೋ ಕಾರುಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಕಾರ್ಪೆಟ್ ಕೆಳಗೇ ಕೂತಿರುತ್ತವೆ. ಕಾಲಿಡುವ ಜಾಗದ ಕಾರ್ಪೆಟ್ ಎತ್ತಿ ಕೈಯಿಂದ ಒತ್ತಿ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯನ್ನೂ ನೋಡಿ. ಗಂಧದ ವಾಸನೆ ತುಂಬಾ ಜೋರಾಗಿ ಹೊಡೆದಿದ್ದರೆ ಅದರ ಕೆಳಗೆ ಯಾವ ವಾಸನೆ ಇದೆ ಅಂತ ಯೋಚಿಸಿ.

ಗೇರ್‌ಬಾಕ್ಸ್. ಆಟೊಮ್ಯಾಟಿಕ್ ಆದರೆ ಬ್ರೇಕ್ ಒತ್ತಿ ಡಿ (ಮುಂದಕ್ಕೆ) ಹಾಕಿ, ಆರ್ (ಹಿಂದಕ್ಕೆ) ಹಾಕಿ. ಒಂದೆರಡು ಸೆಕೆಂಡಿನೊಳಗೆ ಮೆತ್ತಗೆ ಹಿಡಿಯಬೇಕು. ತಡವಾಗಿ ಹಿಡಿದು ದಬಕ್ ಎಂದರೆ ಅನುಮಾನ ಪಡಿ. ಕನಿಷ್ಠ ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಮತ್ತೆ ಇದನ್ನೇ ಮಾಡಿ. ತಣ್ಣಗಿದ್ದಾಗ ಸುಮ್ಮನಿದ್ದ ಗೇರ್‌ಬಾಕ್ಸ್ ಬಿಸಿಯಾದ ಮೇಲೆ ಬಾಯಿಬಿಡುತ್ತದೆ.

ಏರ್ ಸಸ್ಪೆನ್ಷನ್. ಸಾಧ್ಯವಾದರೆ ರಾತ್ರಿಯೆಲ್ಲ ನಿಂತ ಕಾರನ್ನು ಬೆಳಗ್ಗೆ ನೋಡಿ. ಒಂದು ಮೂಲೆ ಕುಸಿದಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ.

ತುಕ್ಕು, ಪುಟ್ಟಿ. ಜಾಕಿ ಕೊಡುವ ಜಾಗ, ಬಾಗಿಲಿನ ಕೆಳ ಅಂಚು, ಚಕ್ರದ ಕಮಾನು ನೋಡಿ. ಅಯಸ್ಕಾಂತ ಅಂಟದ ಕಡೆ ಪುಟ್ಟಿ ತುಂಬಿದ್ದಾರೆ. ಆದರೆ ಆಡಿ ಎ8, ಜಾಗ್ವಾರ್ ಎಕ್ಸ್350 ಕಾರುಗಳ ಬಾಡಿ ಅಲ್ಯೂಮಿನಿಯಂ. ಅಲ್ಲಿ ಅಯಸ್ಕಾಂತ ಎಲ್ಲಿಯೂ ಅಂಟುವುದಿಲ್ಲ, ಸುಮ್ನೆ ಮಾರುವವರ ಜೊತೆ ಜಗಳ ಮಾಡಬೇಡಿ.

ಟೈರು ಮತ್ತು ಕಾಗದ. ಟೈರಿನ ಮೇಲೆ DOT ಎಂದು ಶುರುವಾಗುವ ಕೋಡಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2318 ಅಂದರೆ 2018ರ 23ನೇ ವಾರ. ನಾಲ್ಕು ಚಕ್ರಕ್ಕೆ ನಾಲ್ಕು ಬ್ರ್ಯಾಂಡಿನ ಅಗ್ಗದ ಟೈರ್ ಹಾಕಿದವರು ಆಯಿಲು ಹೇಗೆ ಬದಲಿಸಿರುತ್ತಾರೆ ಎಂದು ನೀವೇ ಊಹಿಸಿ. ಚಾಸಿ ಸಂಖ್ಯೆ, ಅಂದರೆ 17 ಅಕ್ಷರದ ವಿಐಎನ್, ಕಾರಿನ ಮೇಲೂ ಕಾಗದದ ಮೇಲೂ ಒಂದೇ ಇರಬೇಕು. ಸರ್ವೀಸ್ ಪುಸ್ತಕದ ಮೊಹರಿಗಿಂತ ಬಿಲ್ಲುಗಳ ಕಟ್ಟಿಗೆ ಬೆಲೆ ಜಾಸ್ತಿ.

ಈ ಕೆಳಗಿನವುಗಳಲ್ಲಿ ಒಂದು ಕಂಡರೂ ಬೆಲೆ ಮಾತಾಡದೆ ವಾಪಸ್ ಬನ್ನಿ:

- ಎಂಜಿನ್ ಒಮ್ಮೆಯಾದರೂ ಜೋರಾಗಿ ಕುದಿದಿದೆ ಎಂಬ ಸುಳಿವು
- ಬಿಸಿಯಾದ ಮೇಲೆ ಜಾರುವ ಗೇರ್‌ಬಾಕ್ಸ್, ಅಂದರೆ ಎಂಜಿನ್ ಜೋರಾಗಿ ತಿರುಗಿದರೂ ಕಾರು ವೇಗ ಹಿಡಿಯದಿರುವುದು
- ಪ್ರವಾಹದಲ್ಲಿ ಮುಳುಗಿದ ಗುರುತು, ಅಂದರೆ ಸೀಟಿನ ಹಳಿಯಲ್ಲಿ ಕೆಸರು, ಸೀಟ್ ಬೆಲ್ಟಿನ ತುದಿಯಲ್ಲಿ ಕಲೆ
- ಚಾಸಿ ಅಥವಾ ಸಸ್ಪೆನ್ಷನ್ ಕೂರುವ ಜಾಗದಲ್ಲಿ ತುಕ್ಕು
- ಅರ್ಧ ಬಿಚ್ಚಿದ ಕಾರು, ಉಳಿದದ್ದು ಡಬ್ಬಿಯಲ್ಲಿ

ಕೊನೆಯದಕ್ಕೆ ನಾನೂ ಒಮ್ಮೆ ಮರುಳಾಗಿದ್ದೆ. ಡಬ್ಬಿಯಲ್ಲಿ ಎಲ್ಲಾ ಇದೆ ಎಂದಿದ್ದರು. ಬೇಕಾದ ಎರಡು ಬ್ರಾಕೆಟ್ ಇರಲಿಲ್ಲ. ಅವು ಬಿಡಿಯಾಗಿ ಎಲ್ಲೂ ಸಿಗಲೂ ಇಲ್ಲ.

## ಹಂತ 4: ತಂದ ಮೊದಲ ವಾರ ಬರೆಯುವ ಕೆಲಸ ಮಾತ್ರ

ಏನೂ ಬಿಚ್ಚಬೇಡಿ. ಕೆಲಸ ಮಾಡದ ಪ್ರತಿ ಬಟನ್, ಪ್ರತಿ ಸದ್ದು, ನೆಲದ ಮೇಲಿನ ಪ್ರತಿ ಹನಿ ಪುಸ್ತಕದಲ್ಲಿ ಬರೆಯಿರಿ. ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿ. ಬೆಳಗ್ಗೆ ಕಲೆಯ ಬಣ್ಣ ನೋಡಿ. ಕಂದು ಅಥವಾ ಕಪ್ಪು ಎಂದರೆ ಎಂಜಿನ್ ಆಯಿಲು. ಕೆಂಪು ಎಂದರೆ ಸಾಮಾನ್ಯವಾಗಿ ಗೇರ್‌ಬಾಕ್ಸ್ ಅಥವಾ ಸ್ಟೀರಿಂಗ್. ಹಸಿರು, ನೀಲಿ, ಗುಲಾಬಿ ಬಣ್ಣದಲ್ಲಿ ನೀರಿನ ಹಾಗಿದ್ದರೆ ಕೂಲೆಂಟ್. ಏಸಿಯಿಂದ ಬೀಳುವ ಬರೀ ನೀರಿಗೆ ಹೆದರಬೇಡಿ.

ಪಟ್ಟಿಯನ್ನು ಮೂರು ಭಾಗ ಮಾಡಿ: ಪ್ರಾಣಕ್ಕೆ ಸಂಬಂಧಿಸಿದ್ದು, ಎಂಜಿನ್ ಕೊಲ್ಲುವಂಥದ್ದು, ಬರೀ ಕಿರಿಕಿರಿ. ಮೂರನೇ ಭಾಗವೇ ಉದ್ದ ಇರುತ್ತದೆ, ಅದರ ಕಡೆಗೇ ಕೈ ಹೋಗುತ್ತದೆ. ಕೈ ಕಟ್ಟಿಕೊಳ್ಳಿ.

ಇದೇ ವಾರ ಉಪಕರಣ ಕೂಡಿಸಿ. ಸಾಕೆಟ್ ಸೆಟ್, ನಕ್ಷತ್ರ ತಲೆಯ ಬೋಲ್ಟಿಗೆ ಟಾರ್ಕ್ಸ್ ಬಿಟ್‌ಗಳು, ಬೋಲ್ಟನ್ನು ಹೇಳಿದಷ್ಟೇ ಬಿಗಿಯಲು ಟಾರ್ಕ್ ರೆಂಚ್, ಮಲ್ಟಿಮೀಟರ್, ಒಳ್ಳೆಯ ಜಾಕಿ, ಕಾರಿನ ತೂಕಕ್ಕೆ ತಕ್ಕ ನಾಲ್ಕು ಜಾಕ್ ಸ್ಟ್ಯಾಂಡ್, ಬ್ಯಾಟರಿ ಚಾರ್ಜರ್, ಪ್ಲಾಸ್ಟಿಕ್ ಕ್ಲಿಪ್ ಎಬ್ಬಿಸುವ ಕಡ್ಡಿಗಳು, ಆ ಮಾಡೆಲಿನ ರಿಪೇರಿ ಕೈಪಿಡಿ. ಬರೀ ಜಾಕಿ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಏರ್ ಸಸ್ಪೆನ್ಷನ್ ಕಾರಾದರೆ ಇನ್ನೂ ಹುಷಾರು, ಗಾಳಿ ಇಳಿದರೆ ಕಾರು ಸದ್ದಿಲ್ಲದೆ ಕೆಳಗೆ ಬರುತ್ತದೆ.

## ಹಂತ 5: ಬ್ರೇಕ್, ಟೈರ್

ನಿಲ್ಲದ ಕಾರನ್ನು ಓಡಿಸಿ ಪರೀಕ್ಷೆ ಮಾಡಲಾಗುವುದಿಲ್ಲ. ಹಾಗಾಗಿ ಇದೇ ಮೊದಲು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು. ಹಿಂದಿನ ಬದಲಾವಣೆಯ ಬಿಲ್ ಇಲ್ಲದಿದ್ದರೆ ಆಗಿಲ್ಲ ಎಂದೇ ತಿಳಿಯಿರಿ. ರಬ್ಬರ್ ಪೈಪುಗಳಲ್ಲಿ ಬಿರುಕಿದ್ದರೆ ಅವನ್ನೂ ಬದಲಿಸಿ. ಟೈರ್‌ಗೆ ಹತ್ತು ವರ್ಷ ದಾಟಿದ್ದರೆ ಮೇಲಿನ ಗೀರು ಎಷ್ಟೇ ಆಳವಿರಲಿ, ಬಿಸಾಡಿ. ಎಸ್‌ಬಿಸಿ ಬ್ರೇಕ್ ಇರುವ ಮರ್ಸಿಡಿಸ್‌ನಲ್ಲಿ ಪ್ಯಾಡ್ ಬದಲಿಸುವ ಮೊದಲು ವ್ಯವಸ್ಥೆಯನ್ನು ಸ್ಕ್ಯಾನರಿನಿಂದ ನಿಷ್ಕ್ರಿಯ ಮಾಡಲೇಬೇಕು. ಇಲ್ಲದಿದ್ದರೆ ಅದು ತಾನಾಗಿಯೇ ಒತ್ತಡ ಕೊಟ್ಟು ಬೆರಳು ಜಜ್ಜುತ್ತದೆ.

## ಹಂತ 6: ಕೂಲಿಂಗ್ ಮತ್ತು ಬೆಲ್ಟು

ಹಳೆಯ ಲಕ್ಷುರಿ ಕಾರನ್ನು ಕೊಲ್ಲುವುದು ಬಿಸಿ. ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಒಂದು ಸಲ ಜೋರಾಗಿ ಕುದಿದರೆ ಸೊಟ್ಟಗಾಗುತ್ತದೆ, ಅದಕ್ಕೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗುತ್ತದೆ. ಆ ರಿಪೇರಿ ಎಷ್ಟೋ ಸಲ ಕಾರಿನ ಬೆಲೆಯನ್ನೇ ದಾಟುತ್ತದೆ. ಅದಕ್ಕೆ ಸೋರುವವರೆಗೆ ಕಾಯಬೇಡಿ.

ಮೊದಲು ಹೆಡ್ ಗ್ಯಾಸ್ಕೆಟ್ ಸರಿಯಿದೆಯೇ ನೋಡಿ. ಕೂಲೆಂಟ್ ಟ್ಯಾಂಕಿನ ಬಾಯಿಗೆ ಇಟ್ಟು ನೋಡುವ ನೀಲಿ ದ್ರಾವಣದ ಪರೀಕ್ಷೆ ಇದೆ. ಎಂಜಿನ್ ಹೊಗೆ ಕೂಲೆಂಟಿಗೆ ಬರುತ್ತಿದ್ದರೆ ನೀಲಿ ಹಳದಿಯಾಗುತ್ತದೆ. ಹಳದಿಯಾದರೆ ಬೇರೆ ಕೆಲಸವೆಲ್ಲ ನಿಲ್ಲಿಸಿ ಅದನ್ನೇ ಬಗೆಹರಿಸಿ.

ಸರಿಯಿದ್ದರೆ ರೇಡಿಯೇಟರ್, ಎಕ್ಸ್‌ಪಾನ್ಷನ್ ಟ್ಯಾಂಕ್ (ಅದೇ ಕೂಲೆಂಟ್ ಟ್ಯಾಂಕ್), ಅದರ ಮುಚ್ಚಳ, ವಾಟರ್ ಪಂಪ್, ಥರ್ಮೋಸ್ಟಾಟ್, ಹೋಸ್ ಪೈಪುಗಳನ್ನು ಒಟ್ಟಿಗೇ ಬದಲಿಸಿ. ಬಿಡಿಬಿಡಿಯಾಗಿ ಬದಲಿಸುವವರು ಇಲ್ಲೇ ಎಡವುತ್ತಾರೆ. ಸೋರುತ್ತಿದ್ದ ಪಂಪ್ ಬದಲಿಸಿದ ಮೇಲೆ ಒತ್ತಡ ಸರಿಯಾಗಿ ಏರುತ್ತದೆ, ಹಳೆಯ ಟ್ಯಾಂಕ್ ಅದನ್ನು ತಡೆಯದೆ ಸೀಳುತ್ತದೆ. ಕೂಲೆಂಟ್ ಆ ಕಂಪನಿ ಹೇಳಿದ ಬಗೆಯದ್ದೇ ಆಗಿರಲಿ. ಬಣ್ಣ ನೋಡಿ ಹಾಕಬೇಡಿ. ಹೊಂದದ ಎರಡು ಬಗೆ ಬೆರೆತರೆ ಒಳಗೆ ಅಂಟಿನಂತಾಗುತ್ತದೆ.

ತುಂಬುವಾಗ ಒಳಗಿನ ಹೀಟರನ್ನು ಪೂರ್ತಿ ಬಿಸಿಗೆ ಇಡಿ, ಗಾಳಿ ಬಿಡುವ ಬ್ಲೀಡ್ ಸ್ಕ್ರೂ ತೆರೆದು ಗುಳ್ಳೆ ನಿಲ್ಲುವವರೆಗೆ ತುಂಬಿ. ಮೀಟರಿನಲ್ಲಿ ಬಿಸಿ ಏರಿ, ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಎಂಜಿನ್ ಆರಿಸಿ, ಪೂರ್ತಿ ತಣ್ಣಗಾಗಲಿ. ಬಿಸಿಯಿರುವಾಗ ಮುಚ್ಚಳ ತೆರೆದರೆ ಕುದಿಯುವ ಕೂಲೆಂಟ್ ಮುಖಕ್ಕೆ ಬರುತ್ತದೆ.

ಟೈಮಿಂಗ್ ಚೈನ್ ಬದಲು ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬೆಲ್ಟ್, ಟೆನ್ಷನರ್, ರೋಲರ್, ಪಂಪ್ ಎಲ್ಲಾ ಈಗಲೇ. ಮಾರಿದವರು "ಹೋದ ವರ್ಷ ಹಾಕಿಸಿದ್ದೆ" ಎಂದಿರಬಹುದು. ಬಿಲ್ ತೋರಿಸಿದರೆ ನಂಬಿ. ಕಿಲೋಮೀಟರ್ ಕಮ್ಮಿ ಓಡಿದ್ದರೂ ವರ್ಷ ಕಳೆದರೆ ಬೆಲ್ಟ್ ಹಾಳಾಗುತ್ತದೆ.

ಎಂಜಿನ್ ಆಯಿಲು, ಫಿಲ್ಟರ್‌ಗಳು, ಸ್ಪಾರ್ಕ್ ಪ್ಲಗ್ ಇದರ ಜೊತೆಗೇ ಆಗಲಿ. ತೆಗೆದ ಪ್ಲಗ್‌ಗಳನ್ನು ಸಿಲಿಂಡರ್ ಸಾಲಿನಲ್ಲೇ ಜೋಡಿಸಿಡಿ. ಉಳಿದವು ಕಂದಾಗಿದ್ದು ಒಂದು ಮಾತ್ರ ಒದ್ದೆ ಕಪ್ಪಾಗಿದ್ದರೆ ಆ ಸಿಲಿಂಡರ್ ಆಯಿಲು ಕುಡಿಯುತ್ತಿದೆ.

## ಹಂತ 7: ಕರೆಂಟಿನ ಭೂತ

"ಕಂಪ್ಯೂಟರ್ ಹೋಗಿದೆ" ಎಂದು ಮೆಕ್ಯಾನಿಕ್ ಹೇಳಿದರೆ ಮೊದಲು ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ಆರಿದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಇದಕ್ಕಿಂತ ಕೆಳಗಿದ್ದರೆ ಈ ಕಾರುಗಳು ಸಂಬಂಧವೇ ಇಲ್ಲದ ಹತ್ತು ದೂರು ತೋರಿಸುತ್ತವೆ.

ಆಮೇಲೆ ಅರ್ಥ್ ತಂತಿಗಳು. ಬಾಡಿಗೆ, ಎಂಜಿನ್‌ಗೆ ಸೇರುವ ಜಾಗ ಬಿಚ್ಚಿ, ಉಜ್ಜಿ, ಬಿಗಿಮಾಡಿ. ನಾನು ಒಮ್ಮೆ ಬ್ಯಾಟರಿ ದೀಪ ಹೊತ್ತಿತೆಂದು ಹೊಸ ಆಲ್ಟರ್ನೇಟರ್ ಹಾಕಿಸಿದೆ. ದೀಪ ಆರಲಿಲ್ಲ. ಕೊನೆಗೆ ಸಿಕ್ಕಿದ್ದು ತುಕ್ಕು ಹಿಡಿದ ಒಂದು ಅರ್ಥ್ ಪಟ್ಟಿ.

ಎರಡು ದಿನ ನಿಂತರೆ ಬ್ಯಾಟರಿ ಸಾಯುತ್ತದೆಯೇ? ಮಲ್ಟಿಮೀಟರನ್ನು ಆಂಪಿಯರಿಗೆ ಇಟ್ಟು ಬ್ಯಾಟರಿಯ ಮೈನಸ್ ತಂತಿ ಕಳಚಿ, ತಂತಿಗೂ ಬ್ಯಾಟರಿಗೂ ನಡುವೆ ಜೋಡಿಸಿ. ಕಾರು ಲಾಕ್ ಮಾಡಿ. ಕಂಪ್ಯೂಟರ್‌ಗಳೆಲ್ಲ ಮಲಗಲು ಅರ್ಧ ಗಂಟೆಗೂ ಹೆಚ್ಚು ಬೇಕಾಗಬಹುದು. ಆಮೇಲೆ ಸುಮಾರು 50 ಮಿಲಿಆಂಪಿಯರ್‌ಗಿಂತ ಕಮ್ಮಿ ಇರಬೇಕು. ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ಐದೇ ನಿಮಿಷಕ್ಕೆ ಓದುವುದು. ಇನ್ನೊಂದು, ಮೀಟರ್ ಜೋಡಿಸಿದ್ದಾಗಲೇ ಬಾಗಿಲು ತೆರೆಯುವುದು ಅಥವಾ ಸ್ಟಾರ್ಟ್ ಮಾಡುವುದು. ಮೀಟರಿನ ಫ್ಯೂಸ್ ಹೋಗುತ್ತದೆ.

## ಹಂತ 8: ಗೇರ್‌ಬಾಕ್ಸ್ ಆಯಿಲು

'ಜೀವನಪರ್ಯಂತ ಬದಲಿಸಬೇಕಿಲ್ಲ' ಎಂದು ಕಾರು ಕಂಪನಿಗಳು ಬರೆದಿರುತ್ತವೆ. ಆ ಕಾರುಗಳಲ್ಲಿ ಬಹಳಷ್ಟಕ್ಕೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್‌ಗೆ ಬದಲಿಸಿ ಎನ್ನುತ್ತದೆ. ಮಾಡಿದವರ ಮಾತು ಕೇಳಿ.

ಕೆಳಗಿನ ಬೋಲ್ಟ್ ಬಿಚ್ಚುವ ಮೊದಲು ಮೇಲಿನ, ಅಂದರೆ ತುಂಬುವ ಬೋಲ್ಟ್ ಬಿಚ್ಚಿ ನೋಡಿ. ಹಳೆಯ ಆಯಿಲೆಲ್ಲ ಸುರಿದ ಮೇಲೆ ತುಂಬುವ ಬೋಲ್ಟ್ ಬರದಿದ್ದರೆ ಕಾರು ಅಲ್ಲೇ ಕೂರುತ್ತದೆ. ಮಟ್ಟವನ್ನು ಎಂಜಿನ್ ಓಡುತ್ತಿರುವಾಗ, ಕಾರು ಸಮತಟ್ಟಾಗಿದ್ದಾಗ, ಕೈಪಿಡಿ ಹೇಳಿದ ಆಯಿಲ್ ಬಿಸಿಯಲ್ಲಿ ನೋಡಬೇಕು. ಬಿಸಿ ಓದಲು ಸ್ಕ್ಯಾನರ್ ಬೇಕು. ಝಡ್‌ಎಫ್‌ನ ಆರು ಗೇರಿನ ಎಷ್ಟೋ ಪೆಟ್ಟಿಗೆಗಳಲ್ಲಿ ಆಯಿಲು ನಿಲ್ಲುವ ಪ್ಲಾಸ್ಟಿಕ್ ತಟ್ಟೆಯೂ ಫಿಲ್ಟರೂ ಒಂದೇ ತುಂಡು, ಪೂರ್ತಿ ಬದಲಿಸಬೇಕು. ಅದರ ಬೋಲ್ಟುಗಳನ್ನು ಜೋರಾಗಿ ಬಿಗಿದರೆ ತಟ್ಟೆ ಬಿರುಕು ಬಿಡುತ್ತದೆ.

ಈಗಾಗಲೇ ಜಾರುತ್ತಿರುವ ಗೇರ್‌ಬಾಕ್ಸಿಗೆ ಹೊಸ ಆಯಿಲು ಔಷಧಿಯಲ್ಲ. ಆ ಆಸೆ ಇಟ್ಟುಕೊಳ್ಳಬೇಡಿ.

## ಹಂತ 9: ಸಸ್ಪೆನ್ಷನ್

ಬುಷ್ (ಸಸ್ಪೆನ್ಷನ್ ಕೀಲುಗಳ ರಬ್ಬರ್), ಬಾಲ್ ಜಾಯಿಂಟ್, ಎಂಜಿನ್ ಮೌಂಟ್ ಬದಲಿಸಿದ ದಿನ ಕಾರು ಹತ್ತು ವರ್ಷ ಚಿಕ್ಕದಾದಂತೆ ಅನಿಸುತ್ತದೆ. ಎಡಬಲ ಜೋಡಿಯಾಗಿಯೇ ಹಾಕಿಸಿ.

ಇಲ್ಲಿ ಒಳ್ಳೊಳ್ಳೆಯ ಗ್ಯಾರೇಜಿನಲ್ಲೂ ನಡೆಯುವ ತಪ್ಪೊಂದಿದೆ. ಚಕ್ರ ನೇತಾಡುತ್ತಿರುವಾಗಲೇ ಬುಷಿನ ಬೋಲ್ಟ್ ಪೂರ್ತಿ ಬಿಗಿಯುತ್ತಾರೆ. ಕಾರು ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬೋಲ್ಟನ್ನು ಕೈಬಿಗಿ ಮಾಡಿ, ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಪಕ್ಕದಲ್ಲಿ ನಿಂತು ಹೇಳಿ. ಎಲ್ಲಾ ಮುಗಿದ ಮೇಲೆ ಅಲೈನ್‌ಮೆಂಟ್.

ಏರ್ ಸಸ್ಪೆನ್ಷನ್ ಕುಸಿಯುತ್ತಿದ್ದರೆ ಸೋಪಿನ ನೀರು ಚಿಮುಕಿಸಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ. ಸೋರುವ ಬೆಲೋಸ್ (ಗಾಳಿಚೀಲ) ಬಿಟ್ಟು, ಗಾಳಿ ತುಂಬುವ ಕಂಪ್ರೆಸರ್ ಮಾತ್ರ ಹೊಸದು ಹಾಕಿದರೆ ಅದೂ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಮೊದಲು ಸೋರಿಕೆ, ಆಮೇಲೆ ಕಂಪ್ರೆಸರ್, ಜೊತೆಗೆ ಅದಕ್ಕೆ ಕರೆಂಟ್ ಕೊಡುವ ರಿಲೇ.

## ಹಂತ 10: ಕೊನೆಗೆ ಅಂದ

ಇಷ್ಟೆಲ್ಲ ಆಗಿ ಸಾವಿರ ಕಿಲೋಮೀಟರ್ ತೊಂದರೆಯಿಲ್ಲದೆ ಓಡಿದರೆ ಈಗ ಸೀಟಿನ ಮೇಲೆ ಕೈಯಿಡಿ. ಚರ್ಮವನ್ನು ಚರ್ಮಕ್ಕೆಂದೇ ಇರುವ ಕ್ಲೀನರ್ ಮತ್ತು ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಕಂಡಿಷನರ್ ಹಚ್ಚಿ. ಅಡುಗೆ ಎಣ್ಣೆ, ಶೂ ಪಾಲಿಷ್ ಬೇಡವೇ ಬೇಡ. ಅರ್ಧಕ್ಕರ್ಧ ಸೀಟುಗಳಿಗೆ ಬೇಕಿರುವುದು ಇಷ್ಟೇ, ಹೊಸ ಚರ್ಮವಲ್ಲ.

ಸೀಟು ಬಿಚ್ಚಬೇಕಾದರೆ ಬ್ಯಾಟರಿ ಕಳಚಿ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಸೀಟಿನ ಕೆಳಗಿನ ಏರ್‌ಬ್ಯಾಗ್ ಕನೆಕ್ಟರ್ ಬಿಚ್ಚಿದ್ದಾಗ ಕೀ ತಿರುಗಿಸಿದರೆ ಏರ್‌ಬ್ಯಾಗ್ ದೀಪ ಹೊತ್ತಿ ಹಾಗೇ ಉಳಿಯುತ್ತದೆ. ಡ್ಯಾಶ್‌ಬೋರ್ಡಿನ ಮರದ ಮೇಲೆ ಬಿರುಕು ಕಂಡರೆ ಉಪ್ಪುಕಾಗದ ಹಿಡಿಯಬೇಡಿ. ಬಿರುಕು ಬಿಟ್ಟಿರುವುದು ಬಹಳ ಸಲ ಮೇಲಿನ ಲ್ಯಾಕರ್ ಮಾತ್ರ. ಅದರ ಕೆಳಗಿನ ಮರದ ಪದರ ತುಂಬಾ ತೆಳು, ನಾಲ್ಕು ಸಲ ಉಜ್ಜಿದರೆ ಮರವೇ ಮಾಯ.

ಪೇಂಟ್ ಎಲ್ಲಕ್ಕಿಂತ ಕೊನೆ. ಮೊದಲು ಪಾಲಿಷ್ ಮಾಡಿಸಿ ನೋಡಿ, ಬಹಳ ಸಲ ಅದೇ ಸಾಕಾಗುತ್ತದೆ. ಪೇಂಟ್ ಮಾಡಿಸಲೇಬೇಕಾದರೆ ಗಾಜಿನ ಸುತ್ತಲಿನ ರಬ್ಬರ್, ಬೀಡಿಂಗ್, ಕ್ಲಿಪ್ ಹೊಸದನ್ನು ತರಿಸಿ ಕೈಯಲ್ಲಿ ಇಟ್ಟುಕೊಂಡ ಮೇಲೆಯೇ ಕಾರನ್ನು ಬಿಟ್ಟುಬನ್ನಿ. ಹಳೆಯವು ಬಿಚ್ಚುವಾಗ ಮುರಿಯುತ್ತವೆ. ಇಲ್ಲದಿದ್ದರೆ ಅವನ್ನು ಬಿಚ್ಚದೆ ಟೇಪ್ ಸುತ್ತಿ ಪೇಂಟ್ ಹೊಡೆಯುತ್ತಾರೆ, ಅಂಚಿನಿಂದಲೇ ಪದರ ಏಳಲು ಶುರುವಾಗುತ್ತದೆ.